ದ ಅಂದ್ರ ಯಾವ ಕಡಿ

ಆಪಾನ ಶ್ರದ್ಧಾಂಜಲಿ ಸಭಾ ಭಾಲ್ಕಿ ಕಾಲೇಜಿನಾಗ ಆಯ್ತು. ವೇದಿಕಿ ಹಿಂದ ದೊಡ್ಡದೊಂದು ಫ್ಲೆಕ್ಸ್ ಕಟ್ಟಿದ್ರು. ಫೋಟೋದಾಗ ಆಪಾ ಕರಿಹಲಗಿ ಮುಂದ ನಿಂತಾರ, ಕೈಯಾಗ ಚಾಕ್‌ಪೀಸು. ಮುಖ ಸರಿ ಬಂದಿತ್ತು, ದಪ್ಪ ಕನ್ನಡಕ ಸರಿ ಬಂದಿತ್ತು, ತಲಿ ಮ್ಯಾಲಿನ ಸೆರಗು ಸರಿ ಬಂದಿತ್ತು. ಆದ್ರ ಚಾಕ್‌ಪೀಸು ಬಲಗೈಯಾಗ ಇತ್ತು. ಹೆಸರು ಒಂದು ಬಾಜೂಕ, ಮುಖ ಒಂದು ಬಾಜೂಕ ಕೂಡಿಸಲಿಕ್ಕ ಫ್ಲೆಕ್ಸಿನವ ಫೋಟೋ ತಿರುವಿ ಹಾಕಿದ್ದ. ಇಡೀ ನೌಕರಿ ಎಡಗೈಲಿಂದ ಬರದು ಬರದು ಭಾಲ್ಕಿ ಮಕ್ಕಳಿಗಿ ರಸಾಯನಶಾಸ್ತ್ರ ಕಲಿಸಿದ ಹೆಣ್ಣುಮಗಳು. ಸತ್ತು ಹತ್ತು ದಿನ ಆಗಿರಲಿಲ್ಲ, ಅವರನ್ನ ಬಲಗೈಯವರ ಮಾಡಿ ನಿಲ್ಲಿಸಿಬಿಟ್ಟಿದ್ದ.

ಸಭಾ ನಡಸೋ ಲೆಕ್ಚರರ್‌ಗ ನಾ ಹೇಳಿದೆ. ಅವ ಒಮ್ಮಿ ಫ್ಲೆಕ್ಸ್ ನೋಡಿದ, ಒಮ್ಮಿ ನನ್ನ ನೋಡಿದ, ಅದರಾಗೇನದ ಸರ್, ಮುಖ ಬಂದದಲ್ಲ ಅಂದ. ಆಮ್ಯಾಲ ಒಬ್ಬೊಬ್ಬರ ಎದ್ದು ಮಾತಾಡಿದ್ರು. ಶಿಸ್ತು, ಸಮಯಪಾಲನಿ, ಸರಳತಿ. ನಮ್ಮ ಕಡಿ ಸತ್ತವರೆಲ್ಲಾ ಶಿಸ್ತಿನವರೇ ಇರ್ತಾರ, ಬದುಕಿದ್ದವರಾಗ ಒಬ್ಬರೂ ಸಿಗಂಗಿಲ್ಲ. ಆಪಾನ ಕೈ ಬಗ್ಗಿ ಒಬ್ಬರೂ ಮಾತಾಡಲಿಲ್ಲ. ನನಗ ಮೈ ಉರೀತು. ಆದ್ರೂ ಎದ್ದು ನಿಂತು ಹೇಳಲಿಲ್ಲ, ಸುಮ್ನ ಕೂತೆ. ಸುಮ್ನ ಕೂಡೋದು ನನಗ ಹೊಸದಲ್ಲ, ಮತ್ತ ಆಪಾನ ವಿಷಯದಾಗ ಅಂತೂ ಅಲ್ಲೇ ಅಲ್ಲ. ಅದನ್ನೇ ಈಗ ಬರಿಲಿಕ್ಕ ಕೂತೀನಿ.

ಅವರ ಹೆಸರು ಬರಿಯಂಗಿಲ್ಲ. ಎಲ್ಲಾರೂ ಆಪಾ ಅಂತಿದ್ರು, ಅಂದ್ರ ಅಕ್ಕ. ಪ್ರಿನ್ಸಿಪಾಲರಿಂದ ಹಿಡದು ಕಸಾ ಹೊಡಿಯೋ ಬಾಯಿತನಕ ಆಪಾನೇ. ಬೀದರಿನ ಹಳೇ ಊರಾಗ ಅವರ ಮನಿ. ದಿನಾ ಮುಂಜಾನಿ ಪ್ಯಾಸೆಂಜರ್ ಹಿಡದು ಭಾಲ್ಕಿಗಿ ಬರ್ತಿದ್ರು, ಸಂಜೀಕ ಅದರಲ್ಲೇ ವಾಪಸ್. ಸ್ಟೇಷನ್ನಿನಿಂದ ಕಾಲೇಜಿನತನಕ ನಡಕೊಂಡೇ ಬರ್ತಿದ್ರು, ಆಟೋದವರು ಕೇಳೋದು ಬಿಟ್ಟೇಬಿಟ್ಟಿದ್ರು.

ನಂದು ಔರಾದ ತಾಲೂಕಿನ ಎಕಂಬಾ. ಎಮ್ಮೆಸ್ಸಿ ಮುಗಿಸಿ ಅತಿಥಿ ಉಪನ್ಯಾಸಕ ಅಂತ ಆಪಾನ ಕೈಕೆಳಗ ಸೇರಿದೆ. ಮೊದಲನೇ ದಿನವೇ ಹೆಸರು ಕೇಳೋದರ ಬದಲಿ ಊರು ಕೇಳಿದ್ರು. ಅವತ್ತಿಂದ ನಾ ‘ಎಕಂಬಾ’. ಎಕಂಬಾ, ಆ ಬರ್ನರ್ ಆರಿಸು. ಎಕಂಬಾ, ನಿನ್ನ ಅಂಗಿ ಗುಂಡಿ ಹರದದ ನೋಡು. ನನ್ನ ಹೆಸರು ಅವರಿಗಿ ಕಡೀತನಕ ಗೊತ್ತಿತ್ತೋ ಇಲ್ಲೋ, ನನಗೇ ಅನುಮಾನ.

ಆ ವಾರ ಊರಿಗಿ ಹೋದಾಗ ಅವ್ವನ ಮುಂದ ಹೇಳಿದೆ, ನಮ್ಮ ಮೇಡಂ ಎಡಗೈಲಿಂದ ಬರೀತಾರ ಅಂತ. ಅವ್ವ ರೊಟ್ಟಿ ಬಡಿಯೋದು ನಿಲ್ಲಿಸಿ, ‘ಡಾವರಿ ಇದ್ದಾರೇನು?’ ಅಂದ್ಳು. ಔರಾದ ಕಡಿ ಮಾತೇ ಹಂಗ, ಅರ್ಧ ಮರಾಠಿ ಅರ್ಧ ಕನ್ನಡ. ನಮ್ಮ ಮನಿಯಾಗ ಎಡಕ್ಕ ಡಾವಾ ಅಂತೀವಿ, ಬಲಕ್ಕ ಬಲಾನೇ ಅಂತೀವಿ. ನೊಗಕ್ಕ ಕಟ್ಟೋ ಎತ್ತೂ ಡಾವಾ ಕಡೀದು, ಬಲಾ ಕಡೀದು. ಈ ಎರಡು ಮಾತು ನೆನಪಿಡ್ರಿ, ನನ್ನ ಪಾಪ ಎಲ್ಲಾ ಇದರಾಗೇ ಅದ.

ಎಡಗೈ ಅಂದ್ರ ನಮಗ ಒಂದು ಗಮ್ಮತ್ತು ಅಷ್ಟ. ಆಪಾಗ ಅದು ಜಿಂದಗಿ ತುಂಬಾ ಬೆನ್ನು ಹತ್ತಿದ್ದು. ಒಮ್ಮೆಲೇ ಯಾವತ್ತೂ ಹೇಳಲಿಲ್ಲ. ಚಹಾ ಕುಡಿವಾಗ ಒಂದೀಟು, ಪೇಪರ್ ತಿದ್ದುವಾಗ ಒಂದೀಟು, ಅದೂ ನಕ್ಕೋತ. ಅವರಪ್ಪ ಉರ್ದು ಮಾಸ್ತರ. ಊಟಕ್ಕ ಕೂತಾಗ ಮಗಳ ಎಡಗೈ ಆಕಿ ಓಢಣಿಲಿಂದೇ ಕುರ್ಚಿಗಿ ಕಟ್ಟತಿದ್ದ. ಕೆಟ್ಟವ ಅಲ್ಲ, ಕಟ್ಟುವಾಗ ಅವನ ಕಣ್ಣಾಗ ನೀರು ಬರ್ತಿತ್ತಂತ. ಸಾಲಿಯಾಗ ಗೆಣ್ಣಿನ ಮ್ಯಾಲ ಬಡತ ತಿಂದದ್ದಕ್ಕ ಲೆಕ್ಕ ಇಲ್ಲ. ದೊಡ್ಡಾಕಿ ಆದಮ್ಯಾಲ ಬಸವಕಲ್ಯಾಣದ ಕಡಿಯಿಂದ ನೋಡಲಿಕ್ಕ ಬಂದ್ರು. ಎಲ್ಲಾ ಪಕ್ಕಾ ಆಗಿತ್ತು. ಶರಬತ್ತಿನ ಗ್ಲಾಸು ಕೊಡುವಾಗ ಗಡಬಡಿಯಾಗ ಎಡಗೈ ಮುಂದ ಬಂತು. ಹುಡುಗನ ಫೂಫಿ, ಅಂದ್ರ ಸೋದರತ್ತಿ, ಗ್ಲಾಸು ಮುಟ್ಟಲಿಲ್ಲ. ‘ಲಡ್ಕೀ ಅಚ್ಛೀಚ್ ಹೈ, ಪನ್ ಹಾತ್ ಉಲ್ಟಾ ಹೈ’ ಅಂದ್ಳಂತ. ಹುಡುಗಿ ಛಲೋನೇ ಇದ್ದಾಳ, ಕೈ ಮಾತ್ರ ಉಲ್ಟಾ ಅದ. ಅದಾದಮ್ಯಾಲ ಆಪಾ ಲಗ್ನಾ ಮಾಡಿಕೊಳ್ಳಲಿಲ್ಲ.

ಬೀದರಿನ ಮುಸಲ್ಮಾನರ ಮನಿಯಾಗ ಸೀದಾ ಹಾತ್, ಉಲ್ಟಾ ಹಾತ್ ಅಂತಾರ. ಬಲಗೈ ಸೀದಾ, ಎಡಗೈ ಉಲ್ಟಾ. ಸಂತಿಯಾಗ, ಬಸ್ಸಿನಾಗ, ಎಲ್ಲಾ ಕಡಿ ನಾ ಕೇಳಿದ್ದು ಅದೇ. ಆಪಾನ ಲ್ಯಾಬಿನಾಗ ಮಾತ್ರ ಉಲ್ಟಾ ಅನ್ನೋ ಮಾತಿಗಿ ಬಂದಿ ಇತ್ತು. ಟೆಸ್ಟ್‌ಟ್ಯೂಬು ಉಲ್ಟಾ ಇಟ್ಟೀನಿ ಅಂದ ಹುಡುಗರಿಗಿ ‘ತಲಿ ಕೆಳಗ ಮಾಡಿ ಇಟ್ಟೀನಿ’ ಅಂತ ತಿದ್ದಿ ಹೇಳಸ್ತಿದ್ರು. ಹುಡುಗರು ಹೊರಗ ಹೋಗಿ ನಗ್ತಿದ್ರು. ಯಾವುದು ಸೀದಾ ಯಾವುದು ಉಲ್ಟಾ ಅಂತ ತೀರ್ಪು ಹೇಳಲಿಕ್ಕ ನಾವ್ಯಾರು ಅಂತ ಅವರ ವಾದ.

ಆ ವಾದಕ್ಕ ಅವರ ಕಡಿ ಸಾಕ್ಷಿ ಇತ್ತು. ಸೋಡಿಯಂ ಕ್ಲೋರೇಟ್ ಅಂತ ಒಂದು ಉಪ್ಪು. ನೋಡಲಿಕ್ಕ ಅಡಗಿ ಉಪ್ಪಿನಂಗೇ ಬೆಳ್ಳಗ, ಆದ್ರ ಬಾಯಾಗ ಹಾಕಬಾರದು, ಬೆಂಕಿ ಹತ್ರ ತರಬಾರದು. ಅದನ್ನ ನೀರಿನಾಗ ಕರಗಿಸಿ ಗಾಜಿನ ಬಟ್ಟಲದಾಗ ಅಲುಗಾಡಸದಂಗ ಇಟ್ರ ನಾಕೈದು ದಿನದಾಗ ನೀರು ಆರಿಕೋತ ತಳದಾಗ ಸಣ್ಣ ಸಣ್ಣ ಚೌಕ ಹರಳು ಕೂಡ್ತಾವ. ಬರೇ ಕಣ್ಣಿಗಿ ಎಲ್ಲಾ ಒಂದೇ. ಆದ್ರ ಒಳಗಿನ ಜೋಡಣಿ ಕೆಲವದರಾಗ ಎಡಕ್ಕ ತಿರುವಿರ್ತದ, ಕೆಲವದರಾಗ ಬಲಕ್ಕ. ಒಂದು ಇನ್ನೊಂದರ ಕನ್ನಡಿ ನೆರಳು. ಗುರುತು ಹಿಡಿಲಿಕ್ಕ ಆಪಾ ಬೀದರಿನ ಮೊಬೈಲ್ ರಿಪೇರಿ ದುಕಾನಿನಿಂದ ಒಡದ ಸ್ಕ್ರೀನಿನ ಹಾಳಿ ಎರಡು ತಂದಿದ್ರು, ಬೆಳಕು ಒಂದೇ ದಿಕ್ಕಿಗಿ ಬಿಡೋ ಅಂಥಾವು. ಬಟ್ಟಲದ ಕೆಳಗ ದೀಪ, ದೀಪದ ಮ್ಯಾಲ ಒಂದು ಹಾಳಿ, ಬಟ್ಟಲದ ಮ್ಯಾಲ ಇನ್ನೊಂದು, ಬೆಳಕು ಪೂರಾ ಮುಚ್ಚೋ ಹಂಗ ಅಡ್ಡ ಇಟ್ಟು. ಮ್ಯಾಲಿನ ಹಾಳಿ ಚೂರೇ ಚೂರು ಬಲಕ್ಕ ತಿರುಗಿಸಿದಾಗ ಕಪ್ಪಾಗೋ ಹರಳು ಬಲ, ಎಡಕ್ಕ ತಿರುಗಿಸಿದಾಗ ಕಪ್ಪಾಗೋ ಹರಳು ಎಡ. ಮೊದಲನೇ ಸಲ ನಾ ನೋಡಿದಾಗ ಬಟ್ಟಲದಾಗಿನ ಅರ್ಧ ಹರಳು ಕಪ್ಪಾದ್ವು, ಅರ್ಧ ಬೆಳಕು ಹಿಡದ್ವು. ಹಾಳಿ ಈ ಕಡಿ ತಿರುಗಿಸಿದೆ, ಇವು ಹೋಗಿ ಅವು ಬಂದ್ವು. ಊಟದ ಗಂಟಿ ಹೊಡದದ್ದೂ ನನಗ ಕೇಳಿಸಲಿಲ್ಲ.

ಇದರಾಗ ಆಪಾಗ ಇಷ್ಟ ಆಗ್ತಿದ್ದದ್ದು ನೀರು. ನೀರಿನಾಗ ಕರಗಿದ್ದಾಗ ಆ ಉಪ್ಪಿಗಿ ಎಡ ಇಲ್ಲ, ಬಲ ಇಲ್ಲ. ಹರಳಾಗುವಾಗಷ್ಟೇ ಒಂದು ಕಡಿ ಹಿಡೀತದ, ಮತ್ತ ಸುಮ್ನ ಬಿಟ್ರ ಎರಡೂ ಹೆಚ್ಚುಕಮ್ಮಿ ಸಮಾ ಹುಟ್ಟತಾವ. ಅದೇ ನೀರು ಒಂದೇ ಸವನ ತಿರುವುಕೋತ ಕೂತ್ರ ಮಾತ್ರ ಬ್ಯಾರೇನೇ. ಬೀಕರಿನಾಗಿನ ಹರಳೆಲ್ಲಾ ಒಂದೇ ಕಡಿಯವು ಆಗ್ತಾವ, ಇವತ್ತು ಎಲ್ಲಾ ಎಡ, ನಾಳಿ ಎಲ್ಲಾ ಬಲ. ಸಾಯಗಾಂವದ ಹುಡುಗಿಯೊಬ್ಬಾಕಿ ಕ್ಲಾಸಿನಾಗ ಎದ್ದು ನಿಂತು, ಎಡ ಆಗು ಬಲ ಆಗು ಅಂತ ಅದಕ್ಕ ಯಾರು ಹೇಳ್ತಾರ್ರಿ ಆಪಾ ಅಂತ ಕೇಳಿದ್ಳು. ಆಪಾ ಹೇಳಿದ್ರು, ಯಾರೂ ಹೇಳಂಗಿಲ್ಲ. ಮೊದಲ ಒಂದು ಹರಳು ಹುಟ್ಟತದ, ಅದು ತಾಯಿ. ತಿರುವೋ ಕಡ್ಡಿಗಿ ಬಡದು ಅದರ ಮೈಯಿಂದ ಚೂರು ಉದುರತಾವ, ಒಂದೊಂದು ಚೂರೂ ಒಂದೊಂದು ಮಗು. ಬ್ಯಾರೇ ಯಾರಾದರೂ ಹುಟ್ಟೋದರಾಗ ನೀರು ತುಂಬಾ ಅದರ ಮಕ್ಕಳೇ. ತಾಯಿ ಯಾವ ಕಡಿ, ಮಕ್ಕಳೂ ಅದೇ ಕಡಿ. ಆದ್ರ ಆ ಮೊದಲನೇದು ಯಾವ ಕಡಿ ಹುಟ್ಟತದ ಅನ್ನೋದು ಬರೇ ನಸೀಬು, ಅದರಾಗ ತಪ್ಪೂ ಇಲ್ಲ, ಸರಿನೂ ಇಲ್ಲ. ಹಿಂಗ ಹೇಳುವಾಗ ಅವರ ಎಡಗೈ ಗಾಳಿಯಾಗ ತಿರುಗತಿತ್ತು.

ನಾ ಸೇರಿದ ಎರಡನೇ ವರ್ಷ ಆಪಾ ಒಂದು ಪ್ರಯೋಗ ಹಚ್ಚಿದ್ರು. ದೊಡ್ಡ ಹರಳು ಆರಿಸಿ ಎಡದ್ದು ಒಂದು ಸೀಸೆಯಾಗ, ಬಲದ್ದು ಒಂದು ಸೀಸೆಯಾಗ ಇಟ್ಟು ಚೀಟಿ ಹಚ್ಚಿ, ನನ್ನ ಕಣ್ಣಿಗಿ ಬೀಳದಂಗ ಅಲಮಾರಿಗಿ ಕಿಲಿ ಹಾಕಿದ್ರು. ಒಂದೊಂದು ಬಟ್ಟಲಕ್ಕ ಒಂದೊಂದು ತಾಯಿ ಹರಳಿನ ಚೂರು ಹಾಕಿ, ಮಕ್ಕಳು ತಾಯಿ ಕಡೀನೇ ಬರ್ತಾವೋ ಇಲ್ಲೋ ನೋಡೋದು. ಪುಸ್ತಕದಾಗ ಇದ್ದದ್ದೇ. ಆದ್ರ ಪುಸ್ತಕದಾಗ ಇದ್ದದ್ದು ಅವರಿಗಿ ಸಾಲ್ತಿರಲಿಲ್ಲ. ಎಡಕ್ಕೂ ತನ್ನದೇ ವಂಶ ಅದ, ಎಡ ಅನ್ನೋದು ಬಲ ಕೆಟ್ಟು ಆದದ್ದಲ್ಲ, ಇದನ್ನ ತಮ್ಮ ಲ್ಯಾಬಿನಾಗ, ತಮ್ಮ ಬಟ್ಟಲದಾಗ ನೋಡಿ ಒಂದು ಪಟ್ಟಿ ಬರದು ಗ್ವಾಡಿಗಿ ಹಚ್ಚಬೇಕು ಅಂತ ಅವರ ಆಸಿ. ಬೀದರಿನಾಗ ಆಗೋ ಶಿಕ್ಷಕರ ವಿಜ್ಞಾನ ಮೇಳದಾಗೂ ಅದನ್ನ ಇಡೋದಿತ್ತು. ರಿಟೈರ್ ಆಗಲಿಕ್ಕ ಎರಡೇ ವರ್ಷ ಉಳದಿತ್ತು.

ನೋಡೋ ಕಣ್ಣಿಗಿ ಆಸಿ ಇರಬಾರದು ಅನ್ನೋದು ಅವರ ಮಾತು. ಯಾವ ತಾಯಿ ಹಾಕೀನಿ ಅಂತ ನನಗ ಗೊತ್ತದ, ಅದಕ್ಕ ಮಕ್ಕಳನ್ನ ನಾ ನೋಡಬಾರದು, ನೀ ನೋಡು ಅಂದ್ರು. ಬಟ್ಟಲಕ್ಕ ನಂಬರ್ ಮಾತ್ರ. ಪೂರಾ ಮುಗಿಯೋತನಕ ಎಡ ಬಲ ಅನ್ನೋ ಮಾತೇ ಇಬ್ಬರೂ ಆಡಬಾರದು. ಇಪ್ಪತ್ನಾಕು ಬಟ್ಟಲ. ನೋಟಬುಕ್ಕಿನಾಗ ಅವರು ಎರಡು ಗೆರಿ ಎಳದು ಎರಡು ಸಾಲು ಮಾಡಿ ಕೊಟ್ರು. ಮ್ಯಾಲ ಒಂದೊಂದೇ ಅಕ್ಷರ. ನಾ ನೋಡಿ ನೋಡಿ ಆಯಾ ಸಾಲಿನಾಗ ಬರೇ ಟಿಕ್ ಹಾಕಬೇಕು.

ಮೊದಲನೇ ಸಾಲಿನ ಮ್ಯಾಲ ಡ ಇತ್ತು, ಎರಡನೇದರ ಮ್ಯಾಲ ಬ. ಡಾವಾ, ಬಲ. ಎಡದ್ದು ಎಡಗಡಿ ಸಾಲಿನಾಗ, ಬಲದ್ದು ಬಲಗಡಿ ಸಾಲಿನಾಗ. ಇದರಾಗ ಕೇಳೋದೇನದ? ಎರಡು ತಿಂಗಳು ಟಿಕ್ ಹಾಕಿದೆ. ನೋಡಿ ಆದ ಬಟ್ಟಲ ತೊಳದು ಅದೇ ಉಪ್ಪು ಮತ್ತ ಕರಗಿಸಿ ಮುಂದಿನ ಬಟ್ಟಲಕ್ಕ ಹಾಕ್ತಿದ್ವಿ, ಯಾಕಂದ್ರ ಲ್ಯಾಬಿನಾಗ ಇದ್ದದ್ದು ಒಂದೇ ಬಾಟ್ಲಿ.

ಮುಗಿದ ದಿನ ಆಪಾ ತಮ್ಮ ಪಟ್ಟಿ ತಗದು ನನ್ನ ಟಿಕ್ಕಿನ ಬಾಜೂಕ ಇಟ್ರು. ಬಹಳ ಹೊತ್ತು ನೋಡಿದ್ರು. ಇಪ್ಪತ್ನಾಕಕ್ಕ ಇಪ್ಪತ್ನಾಕೂ ತಿರುವುಮುರುವು. ತಾಯಿ ಎಡ ಇದ್ದಲ್ಲಿ ಮಕ್ಕಳು ಬಲ, ತಾಯಿ ಬಲ ಇದ್ದಲ್ಲಿ ಮಕ್ಕಳು ಎಡ. ಸರಿ ನೋಡಿದ್ದಿಯೇನೋ ಎಕಂಬಾ ಅಂತ ಸಣ್ಣ ದನಿಲೆ ಕೇಳಿದ್ರು. ನಮ್ಮವ್ವನ ಆಣಿ ಆಪಾ, ಒಂದೊಂದೂ ಎರಡೆರಡು ಸಲ ನೋಡೀನಿ ಅಂದೆ. ಖರೇ ಅದು. ನನ್ನ ಕಣ್ಣು ತಪ್ಪಿರಲಿಲ್ಲ. ಅವರು ನನ್ನ ಮಾತು ನಂಬಿದ್ರು. ಮೇಳ ಐದು ದಿನದಾಗ ಇತ್ತು. ಉತ್ತರ ಇಲ್ಲದಿದ್ರ ಪ್ರಶ್ನಿನೇ ಒಯ್ಯೋಣ, ನಮ್ಮ ತಪ್ಪು ಎಲ್ಲಿ ಅದ ಅಂತ ದೊಡ್ಡವರಿಗಿ ಕೇಳೋಣ ಅಂತ ಹೇಳಿ, ಒಂದು ಎಡ ತಾಯಿ ಹಾಕಿ ಹೊಸ ಬಟ್ಟಲ ಇಟ್ರು. ಅದರ ಮ್ಯಾಲ ಅರಿವಿ ಮುಚ್ಚಿ ತಾವೂ ನೋಡಲಿಲ್ಲ, ನನಗೂ ನೋಡಗೊಡಲಿಲ್ಲ. ಮೊದಲನೇ ಕಣ್ಣು ಪರರದ್ದೇ ಇರಲಿ ಅಂದ್ರು.

ಮೇಳದಾಗ ಅಧ್ಯಕ್ಷ ಅಂತ ಹೊರಗಿನ ದೊಡ್ಡ ಪ್ರೊಫೆಸರ್ ಒಬ್ಬರು ಬಂದಿದ್ರು. ಆಪಾ ತಮ್ಮ ಪಟ್ಟಿ ಇಟ್ಟು, ತಾಯಿ ಒಂದು ಕಡಿ, ಮಕ್ಕಳು ಒಂದು ಕಡಿ ಬರ್ಲತಾವ, ಎಲ್ಲಿ ಎಡವೀವಿ ತಿಳಿವಲ್ದು ಅಂತ ತಗ್ಗಿ ಬಗ್ಗಿ ಕೇಳಿದ್ರು. ಆತ ಅರಿವಿ ತಗದು, ಹಾಳಿ ತಿರುಗಿಸಿ, ಎಲ್ಲಾರ ಮುಂದ ನೋಡಿದ. ತಾಯಿನೂ ಎಡ, ಮಕ್ಕಳೂ ಎಡ, ಇದರಾಗ ಏನು ವಿಚಿತ್ರ ಅದ ಮೇಡಂ ಅಂದ. ಆಪಾ ಬಗ್ಗಿ ನೋಡಿದ್ರು. ಹೌದು, ಎಲ್ಲಾ ಎಡ. ತಮ್ಮ ಪಟ್ಟಿ ಮ್ಯಾಲ ಅದನ್ನ ಬರಕೊಳ್ಳಲಿಕ್ಕ ಪೆನ್ನು ತಗದ್ರು. ಆತ ಆ ಕೈ ನೋಡಿದ.

‘ಓಹೋ, ನೀವು ಎಡಗೈಯವರು. ಹಂಗಾದ್ರ ನಿಮಗ ಎಲ್ಲಾ ಉಲ್ಟಾನೇ ಕಾಣಸ್ತದ ಬಿಡ್ರಿ.’

ಸಭಾ ಎಲ್ಲಾ ಘೊಳ್ಳಂತ ನಗ್ತು. ನಾ ಮೂರನೇ ಸಾಲಿನಾಗ ಕೂತಿದ್ದೆ. ಹಾಳಿ ತಿರುಗಿಸಿ ನೋಡಿದ ಕಣ್ಣು ನಂದು, ಟಿಕ್ ಹಾಕಿದ ಕೈ ನಂದು, ಅದೂ ಬಲಗೈ. ಎದ್ದು ಅಷ್ಟು ಹೇಳಿದ್ರ ಸಾಕಾಗಿತ್ತು. ಆಪಾ ಒಂದು ಸಲ ನನ್ನ ಕಡಿ ನೋಡಿದ್ರು, ಬೈಲಿಕ್ಕ ಅಲ್ಲ, ಏಳಬ್ಯಾಡ ಅನ್ನೋ ಹಂಗ. ನನ್ನ ಹೆಸರು ಬಾಯಿಗಿ ತರಲಿಲ್ಲ. ನೋಡಿದವ ನನ್ನ ಕೈಕೆಳಗಿನವ ಅಂತ ಒಂದೇ ಮಾತು ಹೇಳಿದ್ರ ಅವರು ಉಳೀತಿದ್ರು, ಹೇಳಲಿಲ್ಲ. ಬಟ್ಟಲಕ್ಕ ಅರಿವಿ ಮುಚ್ಚಿ ಕೆಳಗ ಬಂದು ಕೂತ್ರು.

ಸಂಜಿ ಪ್ಯಾಸೆಂಜರ್‌ಗ ನಾ ಒಬ್ಬನೇ ಭಾಲ್ಕಿಗಿ ಹೊಂಟೆ, ಆಪಾ ಬೀದರಿನಾಗೇ ಉಳದ್ರು. ಡಬ್ಬಿ ಬಾಗಲದಾಗ ಬುರ್ಖಾ ಹಾಕಿದ ತಾಯಿಯೊಬ್ಬಾಕಿ ಸಣ್ಣ ಮಗಳನ್ನ ಹತ್ತಸ್ಲತಿದ್ಳು. ಒಳ್ಳೇ ಕೆಲಸಕ್ಕ ಹೊಂಟಿದ್ರೋ ಏನೋ, ಮಗಳ ಬಲಗಾಲು ಮುಟ್ಟಿ, ‘ದಾಯಾಂ ಪಾಂವ್ ಪೈಲೇ, ದಾಯಾಂ’ ಅಂದ್ಳು. ಬಲಗಾಲು ಮೊದಲು. ಸೀದಾ ಅನ್ನೋ ಬದಲಿ ಅಚ್ಚ ಉರ್ದು ಮಾತು. ಉರ್ದು ಮಾಸ್ತರರ ಮನಿಯಾಗ ಆಡೋ ಅಂಥಾ ಮಾತು.

ಎಡಕ್ಕ ಏನಂತೀರಿ ಬಾಯಿ ಅಂತ ಕೇಳಿದೆ. ಆಕಿ ನನ್ನ ಮಳ್ಳನ್ನ ನೋಡಿದಂಗ ನೋಡಿ, ಬಾಯಾಂ ಅಂದ್ಳು.

ಚೀಲದಾಗಿನ ನೋಟಬುಕ್ ತಗದೆ. ಮೊದಲನೇ ಸಾಲಿನ ಮ್ಯಾಲ ಇದ್ದದ್ದು ಡ ಅಲ್ಲ, ದ. ಆಪಾ ಕನ್ನಡ ಬರಿಲಿಕ್ಕ ಕಲತದ್ದು ಉರ್ದು ಸಾಲಿ ಮುಗಿಸಿ ದೊಡ್ಡಾಕಿ ಆದಮ್ಯಾಲ, ಮತ್ತ ಎಡಗೈಲಿಂದ ಬರಿಯೋದಕ್ಕ ಅವರ ಅಕ್ಷರ ಹಿಂದಕ್ಕ ವಾಲಿರ್ತಿದ್ವು. ಅವರ ದ ಮತ್ತ ಡ ಅಕ್ಕತಂಗಿ ಇದ್ದಂಗ. ಉಲ್ಟಾ ಅನಬಾರದು ಅಂತ ಅವರು ಅಪ್ಪನ ಉರ್ದು ಆರಿಸಿಕೊಂಡಿದ್ರು. ದ ಅಂದ್ರ ದಾಯಾಂ, ಬಲ. ಬ ಅಂದ್ರ ಬಾಯಾಂ, ಎಡ. ನಾ ನಮ್ಮವ್ವನ ಮಾತಿನಾಗ ಓದಿದ್ದೆ. ಡ ಅಂದ್ರ ಡಾವಾ, ಎಡ. ಬ ಅಂದ್ರ ಬಲ. ಎರಡಕ್ಕೆರಡೂ ತಿರುಗಿದ್ವು. ಬಾಯಿಬಿಟ್ಟು ಒಮ್ಮಿ ಆಡಿದ್ರ ಮುಗೀತಿತ್ತು, ಆಡಬಾರದು ಅಂತ ನೇಮ ಇತ್ತು. ಬೀದರ ಜಿಲ್ಲಾದವರೇ ಇಬ್ಬರೂ, ನಡುವ ಒಂದು ತಾಸಿನ ಹಾದಿ, ಒಬ್ಬರ ಬಲ ಇನ್ನೊಬ್ಬರ ಎಡ ಆಗಿತ್ತು.

ನಾಳಿ ಹೋಗಿ ಕಾಲು ಹಿಡೀತೀನಿ ಅಂದುಕೊಂಡೆ. ಮರುದಿನ ಹೋದಾಗ ಆಪಾ ಬಟ್ಟಲ ತೊಳದು ಬೋರಲ ಹಾಕ್ಲತಿದ್ರು. ಆ ಎರಡು ಸೀಸೆ ಅರಿವಿಯಾಗ ಸುತ್ತಿ ಚೀಲದಾಗ ಇಟ್ಟಿದ್ರು. ನನ್ನ ನೋಡಿ ನಕ್ಕರು. ಆಮ್ಯಾಲ ತಮ್ಮ ಎಡಗೈ ಎತ್ತಿ ಪರರ ಕೈ ನೋಡಿದಂಗ ನೋಡಿದ್ರು.

‘ನಿನ್ನ ಕಣ್ಣು ತಪ್ಪಿರಲಿಕ್ಕಿಲ್ಲ, ತಾಯಿ ಹರಳು ನಾನೇ ತಿರುವಿ ಹಾಕೀನಿ. ಇಷ್ಟು ವರ್ಷ ಮಂದಿ ಅಂದ್ರು, ನಾ ಕೇಳಲಿಲ್ಲ. ಉಲ್ಟಾನೇ ಇರಬೇಕು ಎಕಂಬಾ.’

ಅವರ ಬಾಯಿಲಿಂದ ಆ ಮಾತು ನಾ ಕೇಳಿದ್ದು ಅದೇ ಮೊದಲು. ಹೇಳಬೇಕಾದ ಘಳಿಗಿ ಅದೇ ಇತ್ತು. ಗಂಟಿ ಹೊಡೀತು, ನಾ ಕ್ಲಾಸಿಗಿ ಹೋದೆ. ಆ ಗಂಟಿಗಿ ಇವತ್ತಿಗೂ ಶಾಪಾ ಹಾಕ್ತೀನಿ, ಆದ್ರ ಗಂಟಿದೇನು ತಪ್ಪು?

ಯಾಕ ಹೇಳಲಿಲ್ಲ ಅಂದ್ರ ಛಂದಂಥಾ ಕಾರಣ ಒಂದೂ ಇಲ್ಲ. ಮುಂದಿನ ವರ್ಷದ ನನ್ನ ಆರ್ಡರ್‌ಗ ಅವರ ಸಹಿ ಬೇಕಿತ್ತು, ಅದೊಂದು. ಅದಕ್ಕಿಂತ ಹೆಚ್ಚಿಂದು, ಈ ಕಾಲೇಜಿನಾಗ ನಂಬೋ ಅಂಥಾ ಕಣ್ಣು ಎಕಂಬಾಂದು ಒಂದೇ ಅಂತ ಅವರು ಪ್ರಿನ್ಸಿಪಾಲರ ಮುಂದ ಹೇಳಿದ್ರು. ಆ ಹೊಗಳಿಕಿ ಕಳಕೊಳ್ಳೋ ಧೈರ್ಯ ನನಗ ಆಗಲಿಲ್ಲ. ನಾಳಿ ಅಂದೆ, ಪರೀಕ್ಷಾ ಮುಗೀಲಿ ಅಂದೆ, ರಂಜಾನ್ ಮುಗೀಲಿ ಅಂದೆ. ನಾಳೆ ಎಂದವನ ಮನಿ ಹಾಳು ಅಂತಾರ, ನಾ ಹಾಳು ಮಾಡಿದ್ದು ಅವರ ಮನಿ.

ಆ ಎರಡು ವರ್ಷ ಆಪಾ ಹರಳು ಬೆಳಸಲಿಲ್ಲ. ಹಲಗಿ ಮ್ಯಾಲ ಬರಿಯೋದು ಕಮ್ಮಿ ಮಾಡಿ ಬಾಯಿಲೆ ಹೇಳಿ ಬರಸಲಿಕ್ಕ ಹತ್ತಿದ್ರು. ಒಂದು ದಿನ ಸ್ಟಾಫ್ ರೂಮಿನಾಗ ಚಹಾ ಕಪ್ಪು ಬಲಗೈಲಿಂದ ಹಿಡದು ಸೀರಿ ಮ್ಯಾಲ ಚೆಲ್ಲಿಕೊಂಡ್ರು. ಅದನ್ನ ಒರಸಿಕೊಂಡು ಮತ್ತ ಅದೇ ಕೈಲಿಂದ ಹಿಡದ್ರು. ನಾ ಕಿಟಕಿ ಕಡಿ ಮುಖಾ ತಿರುವಿದೆ. ಲ್ಯಾಬಿನಾಗ ಹುಡುಗರು ಉಲ್ಟಾ ಅಂದ್ರ ಈಗ ಯಾರೂ ತಿದ್ದತಿರಲಿಲ್ಲ.

ಅವರು ರಿಟೈರ್ ಆದ್ರು, ನನಗ ಔರಾದಿನಾಗ ಕಾಯಂ ನೌಕರಿ ಸಿಕ್ತು. ಲಗ್ನ ಆಯ್ತು, ಮಕ್ಕಳಾದ್ವು. ಈದ್‌ಗ ಒಮ್ಮಿ, ಹೊಸ ವರ್ಷಕ್ಕ ಒಮ್ಮಿ ಫೋನ್ ಮಾಡ್ತಿದ್ದೆ. ಹೋದ ವರ್ಷ ಅವರಿಗಿ ಲಕ್ವಾ ಹೊಡೀತು ಅಂತ ಸುದ್ದಿ ಬಂತು. ಹಳೇ ಮನಿ ಬಿಟ್ಟು ನೌಬಾದಿನಾಗ ತಮ್ಮನ ಮಗನ ಮನಿಯಾಗ ಇದ್ದಾರಂತ. ನೋಟಬುಕ್ ಚೀಲದಾಗ ಹಾಕಿಕೊಂಡು ಒಂದು ರವಿವಾರ ಹೋದೆ.

ಲಕ್ವಾ ಹೊಡದದ್ದು ಎಡಾ ಬಾಜೂಕ. ಎಡಗೈ ತೊಡಿ ಮ್ಯಾಲ ಬಿದ್ದಿತ್ತು. ಮಾತು ನೆಟ್ಟಗಿತ್ತು. ನನ್ನ ನೋಡಿ, ಬಾ ಎಕಂಬಾ, ಈಗ ಎಲ್ಲಾರಿಗೂ ಖುಷಿ ನೋಡು, ಸೀದಾ ಕೈಲಿಂದ ಉಣ್ತೀನಿ ಅಂದ್ರು. ನಗಬೇಕೋ ಅಳಬೇಕೋ ತಿಳಿಲಾರದೆ ನಾ ನೆಲದ ಮ್ಯಾಲೇ ಕೂತೆ. ತಮ್ಮನ ಸೊಸಿ ಚಹಾ ಇಟ್ಟು ಒಳಗ ಹೋದ್ಳು. ಚಹಾ ಆರೋದರಾಗ ಎಲ್ಲಾ ಹೇಳಿಬಿಟ್ಟೆ. ದ, ಡ, ಬ, ಡಾವಾ, ದಾಯಾಂ, ಎಲ್ಲಾ.

ಅವರು ನೋಟಬುಕ್ ತಗಿ ಅಂದ್ರು. ಮೇಳದ ದಿನ ನನ್ನ ಕಡಿನೇ ಉಳದಿದ್ದ ಅವರ ಹಳೇ ಪಟ್ಟಿ ಅದರಾಗೇ ಅಂಟಿಸಿದ್ದೆ. ಒಂದೊಂದೇ ಓದು ಅಂದ್ರು. ನಾ ಬಟ್ಟಲದ ನಂಬರ್ ಓದಿದೆ, ಟಿಕ್ ಯಾವ ಸಾಲಿನಾಗ ಅದ ಹೇಳಿದೆ. ಅವರು ಕಣ್ಣು ಮುಚ್ಚಿ ಒಂದೊಂದಕ್ಕೂ ತಿರುವಿ ಹೇಳಿದ್ರು. ತಾಯಿ ಎಡ, ಮಕ್ಕಳು ಎಡ. ತಾಯಿ ಬಲ, ಮಕ್ಕಳು ಬಲ. ಇಪ್ಪತ್ನಾಕೂ ಮುಗಿಯೋತನಕ ಬಿಡಲಿಲ್ಲ. ಒಂದೂ ತಪ್ಪಿರಲಿಲ್ಲ. ಮುಗಿದಮ್ಯಾಲ ಬಲಗೈಲಿಂದ ತಮ್ಮ ಎಡಗೈ ಎತ್ತಿ ಮಡಲಾಗ ಇಟ್ಟುಕೊಂಡು ಅದನ್ನ ಸವರಿದ್ರು. ಮುಖದ ಮ್ಯಾಲ ಹಳೇ ಆಪಾ ಒಂದು ಘಳಿಗಿ ಬಂದು ಹೋದ್ರು.

‘ಇದು ನಿನಗ ಯಾವಾಗ ತಿಳೀತು?’

ಹೋದ ವಾರ ಅಂತ ಸುಳ್ಳು ಹೇಳಬಹುದಿತ್ತು. ನಾಲಿಗಿ ತುದಿಗಿ ಬಂದಿತ್ತು. ಆದ್ರ ಆ ಕೈ ನೋಡಿ ಸುಳ್ಳು ಹೊರಳಲಿಲ್ಲ.

‘ಅವತ್ತೇ ಆಪಾ. ಭಾಲ್ಕಿಗಿ ಹೋಗೋ ರೈಲಿನಾಗ.’

ಅವರು ಸವರೋದು ನಿಲ್ಲಿಸಿದ್ರು. ಆಮ್ಯಾಲ, ಅಕ್ಷರದ್ದು ಮಾಫ್, ನನ್ನ ದ ಯಾವತ್ತೂ ಛಂದ ಬರ್ತಿರಲಿಲ್ಲ ಅಂದ್ರು. ಉಳದದ್ದಕ್ಕ ಏನಾದರೂ ಅಂತಾರೇನೋ ಅಂತ ಕಾದೆ. ನೀ ಹೋಗು, ಔರಾದ ಬಸ್ಸು ತಪ್ಪತದ ಅಂದು ಗ್ವಾಡಿ ಕಡಿ ಮುಖಾ ಮಾಡಿದ್ರು.

ಅದಾದಮ್ಯಾಲ ಎರಡು ಸಲ ನೌಬಾದಿಗಿ ಹೋದೆ. ಎರಡೂ ಸಲ ಸೊಸಿ ಬಾಗಲಿಗಿ ಬಂದು, ಮಲಗ್ಯಾರ ಅಂದ್ಳು. ಒಳಗ ಮೊಮ್ಮಗಳಿಗಿ ಲೆಕ್ಕ ಹೇಳಿಕೊಡೋ ಆಪಾನ ದನಿ ನನಗ ಸ್ವಚ್ಛ ಕೇಳಸ್ತಿತ್ತು. ತಂದ ಹಣ್ಣು ಆಕಿ ಕೈಯಾಗ ಇಟ್ಟು ತಿರುಗಿ ಬಂದೆ. ಮೂರನೇ ಸಲ ಹೋಗೋದರಾಗ ಅವರು ತೀರಿಕೊಂಡ ಫೋನ್ ಬಂತು.

ನಲವತ್ತನೇ ದಿನದ ಊಟಕ್ಕ ಕರಿದ್ರು. ಹೋಗಬಾರದು ಅಂದುಕೊಂಡವ ಹೋದೆ. ಎಲ್ಲಾರೂ ಉಂಡು ಎದ್ದಮ್ಯಾಲ ಸೊಸಿ ಒಂದು ಅರಿವಿ ಗಂಟು ತಂದು ಕೊಟ್ಳು. ನೀವು ಮೊದಲನೇ ಸಲ ಬಂದು ಹೋದ ಮರುದಿನದಿಂದ ನಮ್ಮ ಫೂಫಿ ದಿನಾ ಮಧ್ಯಾಹ್ನ ಮೊಮ್ಮಗಳ ಪಾಟಿ ತಗೊಂಡು ಬಲಗೈಲಿಂದ ಅಕ್ಷರ ತಿದ್ದತಿದ್ರು, ತಿಂಗಳುಗಟ್ಟಲೆ ತಿದ್ದಿದ್ರು, ನಮಗ್ಯಾಕ ಅಂತ ಹೇಳಲಿಲ್ಲ ಅಂದ್ಳು. ಇದನ್ನ ಎಕಂಬಾಗ ಕೊಡ್ರಿ, ಈಗರೆ ಅವನಿಗಿ ಓದಲಿಕ್ಕ ಬರ್ತದ ಅಂದಿದ್ರಂತ.

ಗಂಟಿನಾಗ ತಾಯಿ ಹರಳಿನ ಒಂದು ಸೀಸೆ. ಹಳೇ ಚೀಟಿ ಕಿತ್ತಲ್ಲಿ ಬಾಯಾಂ ಅನ್ನೋ ಆ ಬ ಇನ್ನೂ ಮಸಕಾಗಿ ಕಾಣಸ್ತಿತ್ತು. ಅದರ ಮ್ಯಾಲ ಹೊಸ ಚೀಟಿ. ಒಂದೇ ಅಕ್ಷರ ಅಲ್ಲ, ಪೂರ್ತಿ ಮಾತು, ಮೊದಲನೇ ಇಯತ್ತೆ ಕೂಸು ಬರದಂಗ ದೊಡ್ಡದಾಗಿ, ಬಲಗೈಲಿಂದ ಬರದದ್ದು. ಅಂಗಳದಾಗ ನಿಂತು ಓದಿದೆ. ಎಡ.